ಗಾಂಜಾ ಕೇಸು: ಶಿಕ್ಷೆ ಹೇಳುವ ದಿನ ಕೋರ್ಟ್ ಏನೇನು ನೋಡುತ್ತದೆ?

ಶಿಕ್ಷೆ ಹೇಳುವ ದಿನ ಕೋರ್ಟಿಗೆ ಬರುವ ಮನೆಯವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಚೂರು ಕಾಗದವೂ ಇರುವುದಿಲ್ಲ. ‘ಬಡವರು ಸ್ವಾಮಿ, ಮನೆಗೆ ಇವನೊಬ್ಬನೇ ದುಡಿಯೋನು’ ಎನ್ನುತ್ತಾರೆ. ಎಷ್ಟೋ ಸಲ ಅದು ನಿಜವೇ. ಆದರೆ ಬರೀ ಮಾತನ್ನು ನಂಬಿ ನ್ಯಾಯಾಧೀಶರು ಆದೇಶ ಬರೆಯಲು ಆಗುವುದಿಲ್ಲ, ಆಧಾರ ಬೇಕು. ಹರಿಹರ, ದಾವಣಗೆರೆ, ಚಿತ್ರದುರ್ಗ, ಹಿರಿಯೂರು ದಾಟಿ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಯಾರದೋ ಬ್ಯಾಗ್ ಹೊತ್ತು ಸಿಕ್ಕಿಬಿದ್ದ ಹುಡುಗನ ಅಪ್ಪ-ಅಮ್ಮನಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕು. ಅದಕ್ಕೇ ಈ ಲೇಖನ.

ಮೊದಲು ತೂಕ ನೋಡಿ

ಮಾದಕ ವಸ್ತುಗಳ ಕೇಸಿಗೆ ಅನ್ವಯಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಎಲ್ಲವೂ ತೂಕದಿಂದಲೇ ಶುರು. 2001ರ ತಿದ್ದುಪಡಿ ಬಂದ ಮೇಲೆ ಮೂರು ಮೆಟ್ಟಿಲುಗಳಾಗಿವೆ: ಅಲ್ಪ ಪ್ರಮಾಣ, ಮಧ್ಯಮ ಪ್ರಮಾಣ, ವಾಣಿಜ್ಯ ಪ್ರಮಾಣ. ಗಾಂಜಾ ಆದರೆ 1 ಕಿಲೋ ತನಕ ಅಲ್ಪ. 20 ಕಿಲೋ ಮೀರಿದರೆ ವಾಣಿಜ್ಯ. ಹೆರಾಯಿನ್‌ಗೆ ಇದೇ ಲೆಕ್ಕ 5 ಗ್ರಾಂ ಮತ್ತು 250 ಗ್ರಾಂ. ಎಂಡಿಎಂಎ ಎಂಬ ರಾಸಾಯನಿಕ ಮಾದಕಕ್ಕೆ ಅರ್ಧ ಗ್ರಾಂ ಮತ್ತು 10 ಗ್ರಾಂ. ಬೇರೆ ಪುಡಿ ಬೆರೆಸಿದ್ದರೂ ಒಟ್ಟು ತೂಕವನ್ನೇ ಹಿಡಿಯಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಗಾಂಜಾ ಅಲ್ಪ ಪ್ರಮಾಣದ್ದಾದರೆ ಹೆಚ್ಚೆಂದರೆ 1 ವರ್ಷ ಜೈಲು, ಇಲ್ಲವೇ 10 ಸಾವಿರದವರೆಗೆ ದಂಡ, ಅಥವಾ ಎರಡೂ. ಮಧ್ಯಮವಾದರೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. ವಾಣಿಜ್ಯವಾದರೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ. ದಂಡ ಕನಿಷ್ಠ 1 ಲಕ್ಷ.

ಇಲ್ಲಿ ‘ಕನಿಷ್ಠ’ ಎಂಬುದು ವಾಣಿಜ್ಯ ಪ್ರಮಾಣಕ್ಕೆ ಮಾತ್ರ ಇದೆ. ಜಗಳೂರು ಕಡೆಯ ಇಬ್ಬರು ಹುಡುಗರು ಒಂದೇ ಕೂಲಿಗೆ ಬ್ಯಾಗ್ ಹೊತ್ತಿದ್ದರು ಅಂದುಕೊಳ್ಳಿ. ಒಬ್ಬನ ಬ್ಯಾಗಿನಲ್ಲಿ 19 ಕಿಲೋ, ಇನ್ನೊಬ್ಬನದರಲ್ಲಿ 21. ಮೊದಲನೆಯವನಿಗೆ ನ್ಯಾಯಾಧೀಶರು 2 ವರ್ಷ ಕೊಡಬಹುದು, 8 ವರ್ಷವನ್ನೂ ಕೊಡಬಹುದು. ಎರಡನೆಯವನು ಎಷ್ಟೇ ಬಡವನಾಗಿರಲಿ, ಎಷ್ಟೇ ಚಿಕ್ಕವನಾಗಿರಲಿ, ವಯಸ್ಸು 18 ದಾಟಿದ್ದರೆ 10 ವರ್ಷಕ್ಕಿಂತ ಕೆಳಗೆ ಇಳಿಸುವ ಅಧಿಕಾರ ಕೋರ್ಟಿಗೇ ಇಲ್ಲ. ಇದು ನ್ಯಾಯವೇ ಎಂದು ಕೇಳಿದರೆ, ನನಗೆ ಹಾಗೆ ಅನ್ನಿಸುವುದಿಲ್ಲ. ಆದರೆ ಕಾನೂನು ಇರುವುದು ಹೀಗೆ.

ಸಾಗಾಟದ ಜೊತೆಗೆ ನಮ್ಮ ಕಡೆ ಇನ್ನೊಂದು ಬಗೆಯ ಕೇಸನ್ನೂ ತಿಳಿದಿರಬೇಕು. ಮೆಕ್ಕೆಜೋಳ, ಹತ್ತಿಯ ಸಾಲುಗಳ ನಡುವೆ ಗಾಂಜಾ ಗಿಡ ಬೆಳೆಸಿದ ಆರೋಪ ಅದು. ಬೆಳೆಸಿದ್ದಕ್ಕೆ ತೂಕದ ಮೆಟ್ಟಿಲು ಇಲ್ಲ, ಕನಿಷ್ಠ ಶಿಕ್ಷೆಯೂ ಇಲ್ಲ. 10 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ. ಹಾಗಾಗಿ ಗಿಡ ಎಷ್ಟಿದ್ದವು, ಮಾರಲು ಬೆಳೆದದ್ದೋ ಅಲ್ಲವೋ, ಇವನ್ನೆಲ್ಲ ಹೇಳಿಕೊಳ್ಳಲು ಜಾಸ್ತಿ ಜಾಗ ಇರುತ್ತದೆ.

ತಪ್ಪು ಮಾಡಿದನೋ ಇಲ್ಲವೋ ಎಂಬುದು ಬೇರೆ

‘ಬ್ಯಾಗಿನಲ್ಲಿ ಏನಿತ್ತು ಅಂತ ಅವನಿಗೆ ಗೊತ್ತೇ ಇರಲಿಲ್ಲ’ ಎನ್ನುವುದನ್ನು ಶಿಕ್ಷೆಯ ದಿನ ಹೇಳಿ ಪ್ರಯೋಜನವಿಲ್ಲ. ಅದು ಸಾಕ್ಷಿ ವಿಚಾರಣೆಯ ಹೊತ್ತಿಗೆ ಆಗಬೇಕಾದ ವಾದ. ಅಲ್ಲೂ ಸುಲಭವಿಲ್ಲ: ಆರೋಪಿಗೆ ಗೊತ್ತಿತ್ತು ಎಂದೇ ಕಾಯ್ದೆಯ 35ನೇ ಕಲಂ ಊಹಿಸುತ್ತದೆ, ಗೊತ್ತಿರಲಿಲ್ಲ ಎಂದು ಅವನೇ ಸಾಬೀತು ಮಾಡಬೇಕು. ಮಹಜರು ಸರಿಯಿರಲಿಲ್ಲ, ಸ್ಯಾಂಪಲ್ ತೆಗೆದ ರೀತಿ ತಪ್ಪು ಎಂಬ ತಕರಾರುಗಳೂ ಆಗಿನವೇ. ಗಾಂಜಾ ಎಂದರೆ ಗಿಡದ ಹೂವು-ಕಾಯಿ ಇರುವ ತುದಿ. ತುದಿ ಜೊತೆಗಿಲ್ಲದ ಬರೀ ಎಲೆ, ಬೀಜ ಲೆಕ್ಕಕ್ಕೆ ಬರುವುದಿಲ್ಲ. ಹಸಿ ಗಿಡವನ್ನು ಬುಡಸಮೇತ ತೂಗಿದ್ದರೆ ವಕೀಲರು ಇದನ್ನು ಆಗಲೇ ಎತ್ತಬೇಕು. 20 ಕಿಲೋ ಗೆರೆಯ ಆಚೀಚೆ ಇರುವ ಕೇಸಿನಲ್ಲಿ ಇಡೀ ಬದುಕು ಇದರ ಮೇಲೆಯೇ ನಿಂತಿರುತ್ತದೆ.

ಕೋರ್ಟ್ ಕೇಳುವ ಹೊತ್ತಿಗೆ ಸಿದ್ಧವಾಗಿರಿ

ಇಂಥ ಕೇಸು ನಡೆಸುವ ವಿಶೇಷ ನ್ಯಾಯಾಲಯ ‘ತಪ್ಪಿತಸ್ಥ’ ಎಂದ ಮೇಲೆ ಶಿಕ್ಷೆಯ ಬಗ್ಗೆ ಆರೋಪಿಯ ಮಾತನ್ನು ಕೇಳಲೇಬೇಕು. ಕ್ರಿಮಿನಲ್ ಕೇಸು ನಡೆಸುವ ವಿಧಾನ ಹೇಳುವ ಕಾನೂನಾದ ಬಿಎನ್‌ಎಸ್‌ಎಸ್‌ನ 258ನೇ ಕಲಂ ಹೀಗೆ ಹೇಳುತ್ತದೆ. ಈ ಸುತ್ತು ಕೆಲವೊಮ್ಮೆ ಅದೇ ದಿನ ಮುಗಿದುಹೋಗುತ್ತದೆ. ಆದ್ದರಿಂದ ತೀರ್ಪಿಗೆ ದಿನ ಕೊಟ್ಟ ಕೂಡಲೇ ಕಾಗದ ಜೋಡಿಸಿಕೊಳ್ಳಿ. ಹಳೇ ಕೇಸು ಇಲ್ಲ ಎನ್ನುವುದಕ್ಕೆ ಆಧಾರ. ವಯಸ್ಸಿಗೆ ಶಾಲೆಯ ದಾಖಲೆ. ತಂದೆ-ತಾಯಿಯ ಕಾಯಿಲೆಗೆ ಆಸ್ಪತ್ರೆ ಚೀಟಿಗಳು. ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡು. ಜೈಲಿನಲ್ಲಿ ಎಷ್ಟು ದಿನ ಇದ್ದ, ನಡತೆ ಹೇಗಿತ್ತು ಎಂಬ ಪತ್ರ. ವಕೀಲರನ್ನು ಇಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ. ಬಂಧನದಲ್ಲಿರುವವರಿಗೆ ಉಚಿತ ವಕೀಲರು ಸಿಗುವುದು ಹಕ್ಕು. ಸಹಾಯವಾಣಿ 15100.

ಎದುರಿನವರೂ, ಅಂದರೆ ಸರ್ಕಾರಿ ವಕೀಲರೂ, ಸುಮ್ನೆ ಕೂರುವುದಿಲ್ಲ. ಎನ್‌ಡಿಪಿಎಸ್ ಕಾಯ್ದೆಯ 32ಬಿ ಕಲಂ ಶಿಕ್ಷೆ ಏರಿಸುವ ಅಂಶಗಳನ್ನು ಹೆಸರಿಸಿದೆ: ಆಯುಧ ಬಳಸಿದ್ದು, ಸರ್ಕಾರಿ ಹುದ್ದೆಯಲ್ಲಿದ್ದು ಮಾಡಿದ್ದು, ಮಕ್ಕಳನ್ನು ಬಳಸಿಕೊಂಡಿದ್ದು, ಶಾಲೆ-ಕಾಲೇಜಿನ ಹತ್ತಿರ ನಡೆದದ್ದು, ಜಾಲದೊಂದಿಗೆ ನಂಟು ಇದ್ದದ್ದು. ಹಾಸ್ಟೆಲ್, ಕಾಲೇಜುಗಳು ತುಂಬಿರುವ ದಾವಣಗೆರೆಯಂಥ ಊರಿನಲ್ಲಿ ಸಿಕ್ಕಿಬಿದ್ದ ಜಾಗವೂ ಮುಖ್ಯವಾಗುತ್ತದೆ. ಈ ಯಾವುದೂ ತನ್ನ ಕೇಸಿನಲ್ಲಿ ಇಲ್ಲದಿದ್ದರೆ ಅದನ್ನೇ ಎತ್ತಿ ಹೇಳಬೇಕು.

ಹಾಗಂತ ಬಡತನವೊಂದೇ ಕೈಹಿಡಿಯುತ್ತದೆ ಎಂದು ನಂಬಬೇಡಿ. ಪಂಜಾಬಿನ ಒಂದು ಪ್ರಕರಣದಲ್ಲಿ 1 ಕಿಲೋ ಹೆರಾಯಿನ್ ಸಿಕ್ಕಿತ್ತು. ಬಡವ, ಮೊದಲ ತಪ್ಪು, ಬರೀ ಸಾಗಿಸುವವನು ಎಂದೆಲ್ಲ ವಾದಿಸಿದರು. ವಾಣಿಜ್ಯ ಪ್ರಮಾಣದ ನಾಲ್ಕು ಪಟ್ಟು ಸರಕು ಇತ್ತು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ 15 ವರ್ಷದ ಶಿಕ್ಷೆಯನ್ನು ಎತ್ತಿಹಿಡಿಯಿತು. ಕೋರ್ಟ್ ಆರೋಪಿಯ ಮನೆಯ ಜೊತೆಗೆ, ಆ ಸರಕು ತಲುಪಬೇಕಿದ್ದ ಮನೆಗಳನ್ನೂ ನೋಡುತ್ತದೆ. ಅದು ತಪ್ಪಲ್ಲ ಅಲ್ವಾ?

ಚಟಕ್ಕೆ ಬಿದ್ದವರಿಗೆ ಬೇರೆ ದಾರಿ

ಆರೋಪಿ ಸ್ವತಃ ವ್ಯಸನಿಯಾಗಿದ್ದು, ಸಿಕ್ಕಿದ್ದು ಅಲ್ಪ ಪ್ರಮಾಣವಾಗಿದ್ದರೆ ಇದೇ ಕಾಯ್ದೆಯ 39ನೇ ಕಲಂ ಅನ್ವಯಿಸಲು ಕೇಳಿ. ವಯಸ್ಸು, ನಡತೆ, ಆರೋಗ್ಯ ನೋಡಿ, ಅವನ ಒಪ್ಪಿಗೆ ಪಡೆದು, ಬಾಂಡ್ ಬರೆಸಿಕೊಂಡು, ಜೈಲಿನ ಬದಲು ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಗೆ ಕೋರ್ಟ್ ಕಳಿಸಬಹುದು. ಈ ಕಲಮಿನ ಬಗ್ಗೆ ಎಷ್ಟೋ ಮನೆಯವರಿಗೆ ಗೊತ್ತೇ ಇರುವುದಿಲ್ಲ. ವೈದ್ಯರ ದಾಖಲೆಗಳನ್ನು ಮೊದಲಿನಿಂದಲೇ ಇಟ್ಟುಕೊಳ್ಳಿ. ಸಾಗಾಟದ ದೊಡ್ಡ ಕೇಸುಗಳಿಗೆ ಇದು ಅನ್ವಯಿಸುವುದಿಲ್ಲ. 18 ದಾಟಿದವರಿಗೆ ಅಂಥ ಕೇಸಿನಲ್ಲಿ ಒಳ್ಳೆ ನಡತೆಯ ಮೇಲೆ ಬಿಡುಗಡೆಯೂ ಇಲ್ಲ.

ದಂಡದ ಸಾಲನ್ನು ಬಿಡಬೇಡಿ

10 ವರ್ಷದ ಕೆಳಗೆ ಇಳಿಯಲು ಆಗದ ಕೇಸಿನಲ್ಲೂ ಒಂದು ಜಾಗ ಉಳಿದಿರುತ್ತದೆ. 1 ಲಕ್ಷ ದಂಡ ಕಟ್ಟಲಾಗದಿದ್ದರೆ ಇನ್ನೆಷ್ಟು ದಿನ ಜೈಲು? ಇದನ್ನು ಕೋರ್ಟ್ ತೀರ್ಮಾನಿಸುತ್ತದೆ. ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ಈ ಹೆಚ್ಚುವರಿ ಸಜೆ 3 ವರ್ಷ ಇತ್ತು. ಬಡತನವನ್ನು ಗಮನಿಸಿ ಸುಪ್ರೀಂ ಕೋರ್ಟ್ 2007ರಲ್ಲಿ ಅದನ್ನು 6 ತಿಂಗಳಿಗೆ ಇಳಿಸಿತು. ಆದಾಯ ಪ್ರಮಾಣಪತ್ರ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ. ವಿಚಾರಣೆಯ ಹೊತ್ತಿನಲ್ಲಿ ಜೈಲಿನಲ್ಲಿ ಕಳೆದ ದಿನಗಳನ್ನು ಶಿಕ್ಷೆಯಿಂದ ಕಳೆಯಬೇಕು ಎಂಬ ಸಾಲು ಆದೇಶದಲ್ಲಿದೆಯೇ ಎಂದೂ ನೋಡಿಕೊಳ್ಳಿ. ಯಾಕೆಂದರೆ ಈ ಕಾಯ್ದೆಯಡಿ ಶಿಕ್ಷೆಯಾದವರಿಗೆ ಬೇರೆ ಕೈದಿಗಳಿಗೆ ಸಿಗುವ ಸಜೆ ಮಾಫಿ ಸಿಗುವುದಿಲ್ಲ.

ತೀರ್ಪಿನ ಪ್ರತಿಯನ್ನು ಆರೋಪಿಗೆ ಉಚಿತವಾಗಿ ಕೊಡುತ್ತಾರೆ, ಅಂದೇ ಕೇಳಿ ಪಡೆಯಿರಿ. ವಿಶೇಷ ನ್ಯಾಯಾಲಯದ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ ಹೋಗಲು 60 ದಿನ ಇದೆ. ದಾವಣಗೆರೆ, ಚಿತ್ರದುರ್ಗದವರ ಮೇಲ್ಮನವಿ ಧಾರವಾಡ ಪೀಠಕ್ಕೆ ಹೋಗುವುದಿಲ್ಲ, ಬೆಂಗಳೂರಿನಲ್ಲೇ ಹಾಕಬೇಕು.