ಮದುವೆ ಡಿವಿಡಿ ಓಡುತ್ತಿಲ್ಲವೇ? ಒರೆಸುವ ಮೊದಲು ಇದನ್ನು ನೋಡಿ

ಬೀರುವಿನಲ್ಲಿ ವರ್ಷಗಟ್ಟಲೆ ಇಟ್ಟಿದ್ದ ಮದುವೆ ಡಿವಿಡಿಯನ್ನು ಪ್ಲೇಯರ್‌ಗೆ ಹಾಕಿದರೆ ‘ನೋ ಡಿಸ್ಕ್’ ಎಂದು ಬರುತ್ತದೆ. ಇಲ್ಲವೇ ಧಾರೆ ತನಕ ಚೆನ್ನಾಗಿ ಓಡಿ, ಊಟದ ಪಂಕ್ತಿ ಬರುವ ಹೊತ್ತಿಗೆ ಚಿತ್ರ ಚೌಕಚೌಕವಾಗಿ ಒಡೆದು ನಿಲ್ಲುತ್ತದೆ. ಇವೆರಡೂ ಬೇರೆ ಬೇರೆ ತೊಂದರೆ. ಸುಮ್ನೆ ಡಿಸ್ಕ್ ಉಜ್ಜುತ್ತಾ ಕೂರುವ ಬದಲು ದೋಷ ಎಲ್ಲಿದೆ ಎಂದು ಮೊದಲು ಪತ್ತೆ ಮಾಡಿ.

ಅದೇ ಪ್ಲೇಯರ್‌ಗೆ ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿ ಹಾಕಿ ನೋಡಿ. ಅದೂ ಓಡದಿದ್ದರೆ ತಪ್ಪು ಪ್ಲೇಯರ್‌ನದು. ‘ಹಾಡಿನ ಸಿಡಿ ಓಡುತ್ತಲ್ಲ’ ಅನ್ನಬೇಡಿ. ಸಿಡಿ ಓದಲು 780 ನ್ಯಾನೊಮೀಟರ್ ಲೇಸರ್ ಬೇಕು, ಡಿವಿಡಿಗೆ 650. ಒಂದು ಕೆಟ್ಟರೂ ಇನ್ನೊಂದು ಕೆಲಸ ಮಾಡುತ್ತಿರಬಹುದು.

ಸಿನಿಮಾ ಓಡಿ, ಮನೆಯಲ್ಲಿ ರೈಟ್ ಮಾಡಿದ್ದು ಮಾತ್ರ ಓಡದಿದ್ದರೆ? ಕಾರ್ಖಾನೆಯ ಡಿಸ್ಕ್‌ನಲ್ಲಿ ಗುಂಡಿಗಳನ್ನು ಅಚ್ಚೊತ್ತಿರುತ್ತಾರೆ. ನಮ್ಮದರಲ್ಲಿ ಇರುವುದು ಲೇಸರ್‌ನಿಂದ ಸುಟ್ಟ ಬಣ್ಣದ ಪದರ. ಅದು ಬೆಳಕನ್ನು ಕಡಿಮೆ ಹಿಂತಿರುಗಿಸುತ್ತದೆ. ಅಳಿಸಿ ಬರೆಯುವ ಆರ್‌ಡಬ್ಲ್ಯೂ ಡಿಸ್ಕ್ ಇನ್ನೂ ಕಡಿಮೆ. ಹಳೆಯ, ಲೆನ್ಸ್ ಮಂಕಾದ ಪ್ಲೇಯರ್‌ಗಳು ಇಲ್ಲೇ ಸೋಲುತ್ತವೆ.

ಈಗ ಅದೇ ಡಿಸ್ಕನ್ನು ಕಂಪ್ಯೂಟರ್‌ಗೆ ಹಾಕಿ. ವಿಂಡೋಸ್ 10ರಲ್ಲಿ ಡಿವಿಡಿ ಸಿನಿಮಾ ಓಡಿಸುವ ಸೌಲಭ್ಯ ತಾನಾಗಿ ಬರುವುದಿಲ್ಲ. ಹಾಗಾಗಿ ಉಚಿತವಾಗಿ ಸಿಗುವ ವಿಎಲ್‌ಸಿ ಎಂಬ ವಿಡಿಯೊ ತಂತ್ರಾಂಶ ಹಾಕಿಕೊಳ್ಳಿ. ಹೊರಗಿನಿಂದ ಜೋಡಿಸುವ ಡ್ರೈವ್ ಟಕ್ ಟಕ್ ಎಂದು ಸದ್ದು ಮಾಡಿ ಸುಮ್ಮನಾದರೆ ಕರೆಂಟ್ ಸಾಲುತ್ತಿಲ್ಲದಿರಬಹುದು. ನಡುವೆ ಯುಎಸ್‌ಬಿ ಹಬ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಕಂಪ್ಯೂಟರ್‌ನ ಪೋರ್ಟ್‌ಗೆ ಸಿಕ್ಕಿಸಿ.

ಡಿಸ್ಕ್ ತೆರೆದಾಗ ‘ವಿಡಿಯೊ ಟಿಎಸ್’ (VIDEO_TS) ಎಂಬ ಫೋಲ್ಡರ್ ಕಂಡರೆ ಡಿಸ್ಕ್ ಸರಿಯಾದ ಮಾದರಿಯಲ್ಲೇ ಇದೆ. ಬರೀ ಎಂಪಿ4 ಫೈಲ್‌ಗಳಿದ್ದರೆ ಅದು ಡೇಟಾ ಡಿಸ್ಕ್. ಹಳೆಯ ಪ್ಲೇಯರ್‌ಗಳಿಗೆ ಅದರ ಭಾಷೆಯೇ ಗೊತ್ತಿಲ್ಲ. ವಿಂಡೋಸ್‌ನಲ್ಲಿ ರೈಟ್ ಮಾಡುವಾಗ ‘ಪೆನ್‌ಡ್ರೈವ್ ತರಹ ಬಳಸುತ್ತೀರಾ, ಪ್ಲೇಯರ್‌ನಲ್ಲಿ ಬಳಸುತ್ತೀರಾ’ ಎಂದು ಕೇಳುತ್ತದೆ. ಜಾಸ್ತಿ ಜನ ಓದದೆ ಮೊದಲನೆಯದನ್ನು ಒತ್ತುತ್ತಾರೆ. ಅಲ್ಲೇ ಎಡವಟ್ಟು. ಎರಡನೆಯದನ್ನು ಒತ್ತಿದರೂ ಎಂಪಿ4 ತಾನಾಗಿ ಡಿವಿಡಿ ಸಿನಿಮಾ ಆಗುವುದಿಲ್ಲ. ಅದಕ್ಕೆ ಡಿವಿಡಿ ತಯಾರಿಸುವ ತಂತ್ರಾಂಶವೇ ಬೇಕು.

ತುಂಬಿದ ಡಿಸ್ಕ್ ಖಾಲಿ ಎಂದು ತೋರಿಸಿದರೆ ಅದನ್ನು ಫೈನಲೈಸ್ ಮಾಡಿಲ್ಲದಿರುವ, ಅಂದರೆ ಬೇರೆ ಯಂತ್ರಗಳೂ ಓದುವಂತೆ ರೈಟಿಂಗ್‌ನ ಕೊನೆಯ ಹಂತ ಮುಗಿಸಿಲ್ಲದಿರುವ ಸಾಧ್ಯತೆ ಹೆಚ್ಚು. ಡಿಸ್ಕ್ ಹಾಕುವ ಹ್ಯಾಂಡಿಕ್ಯಾಮ್‌ಗಳ 8 ಸೆಂ.ಮೀ. ಪುಟ್ಟ ಡಿಸ್ಕ್‌ಗಳಲ್ಲಿ ಇದು ಮಾಮೂಲು. ಆ ಹಳೆಯ ಕ್ಯಾಮೆರಾ ಇನ್ನೂ ಇದ್ದರೆ ಅದರಲ್ಲೇ ಫೈನಲೈಸ್ ಮಾಡಿ. ಅಂದ ಹಾಗೆ, ಕಾರಿನ ಪ್ಲೇಯರ್‌ನಂತೆ ಸೀಳಿನೊಳಗೆ ತೂರಿಸುವ ಯಂತ್ರಕ್ಕೆ ಈ ಪುಟ್ಟ ಡಿಸ್ಕ್ ಹಾಕಬೇಡಿ. ಹೊರಗೆ ಬರದೇ ಸಿಕ್ಕಿಕೊಳ್ಳಬಹುದು.

ಇನ್ನು ಮಧ್ಯದಲ್ಲಿ ನಿಲ್ಲುವ ಡಿಸ್ಕ್. ಡಿವಿಡಿಯ ಓದು ಒಳಗಿನ ಸುತ್ತಿನಿಂದ ಶುರುವಾಗಿ ಅಂಚಿನ ಕಡೆ ಹೋಗುತ್ತದೆ. ಬೆರಳಚ್ಚು, ಗೀರು, ಅವಸರದಲ್ಲಿ ರೈಟ್ ಮಾಡಿದ ದೋಷ ಎಲ್ಲವೂ ಅಂಚಿನಲ್ಲೇ ಜಾಸ್ತಿ. ಅದಕ್ಕೇ ಕೊನೆಯ ಭಾಗ ಮೊದಲು ಕೆಡುತ್ತದೆ. ಮೆತ್ತನೆ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಗುಂಡಗೆ ಬೇಡ. ಗುಂಡಗೆ ಬಿದ್ದ ಗೀರು ಮಾಹಿತಿಯ ಸಾಲಿನುದ್ದಕ್ಕೂ ಹೋಗುತ್ತದೆ. ಆಗ ಪ್ಲೇಯರ್‌ಗೆ ತಪ್ಪು ತಿದ್ದಿಕೊಳ್ಳುವುದು ಕಷ್ಟ. ಜಿಡ್ಡಿದ್ದರೆ ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಟೂತ್‌ಪೇಸ್ಟ್ ಉಜ್ಜುವ ಸಲಹೆ ಯಾರಾದರೂ ಕೊಟ್ಟರೆ ಕೇಳಿ ಬಿಟ್ಟುಬಿಡಿ. ಒಂದು ಗೀರು ಹೋಗಿ ಹತ್ತು ಬರುತ್ತವೆ.

ಒಂದೇ ಒಂದು ಡ್ರೈವ್ ಓದಿದರೂ ಸಾಕು, ಅಲ್ಲೇ ಎಲ್ಲವನ್ನೂ ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಳ್ಳಿ. ಸಿನಿಮಾ ನೋಡುವುದು ಆಮೇಲೆ. ಒಂದು ಡ್ರೈವ್ ಸೋತಲ್ಲಿ ಇನ್ನೊಂದು ಗೆಲ್ಲುವುದುಂಟು, ಆದ್ದರಿಂದ ಸ್ನೇಹಿತರ ಹಳೆಯ ಲ್ಯಾಪ್‌ಟಾಪ್‌ನಲ್ಲೂ ಪ್ರಯತ್ನಿಸಿ. ಲಿನಕ್ಸ್ ಗೊತ್ತಿದ್ದವರಿಗೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಇದೆ. ಅದು ಕೆಟ್ಟ ಜಾಗವನ್ನು ದಾಟಿ ಉಳಿದದ್ದನ್ನು ಮೊದಲು ತೆಗೆದು, ಆಮೇಲೆ ಅಲ್ಲಿಗೆ ಮರಳುತ್ತದೆ. ಯಾವ ದೃಶ್ಯ ಎಲ್ಲಿದೆ ಎಂದು ಪ್ಲೇಯರ್‌ಗೆ ಹೇಳುವ ಐಎಫ್‌ಒ (IFO) ಫೈಲ್ ಮಾತ್ರ ಕೆಟ್ಟಿದ್ದರೆ ಅದೇ ಹೆಸರಿನ ಬಿಯುಪಿ (BUP) ಫೈಲ್ ನೋಡಿ. ಅದು ಐಎಫ್‌ಒದ ನಕಲು. ಹಾರ್ಡ್ ಡಿಸ್ಕ್‌ನಲ್ಲಿ ಅದರ ಇನ್ನೊಂದು ಪ್ರತಿ ಮಾಡಿ, ಕೊನೆಯ ಮೂರಕ್ಷರವನ್ನು ಐಎಫ್‌ಒ ಎಂದು ಬದಲಿಸಿ.

ಮತ್ತೆ ರೈಟ್ ಮಾಡುವಾಗ 16ಎಕ್ಸ್ ಡಿಸ್ಕ್‌ಗೆ 8ಎಕ್ಸ್ ವೇಗ ಇಡಿ, ಮುಗಿದ ಮೇಲೆ ಸರಿಯಾಗಿ ಬರೆದಿದೆಯೇ ಎಂದು ವೆರಿಫೈ ಮಾಡಿಸಿ. ಡಬ್ಬದ ಮೇಲೆ 4.7 ಜಿಬಿ ಎಂದಿದ್ದರೂ ವಿಂಡೋಸ್ ತೋರಿಸುವುದು ಸುಮಾರು 4.38. 4 ಜಿಬಿಗೇ ನಿಲ್ಲಿಸಿದರೆ, ಬೇಗ ಕೆಡುವ ಅಂಚು ಖಾಲಿ ಉಳಿಯುತ್ತದೆ. ಕಾಗದದ ಸ್ಟಿಕರ್ ಅಂಟಿಸಬೇಡಿ, ಡಿಸ್ಕ್ ತಿರುಗುವಾಗ ಅದು ಓಲಾಡಿಸುತ್ತದೆ. ಅಮೆರಿಕದ ನೆಂಟರಿಗೆ ಕಳಿಸುವುದಾದರೆ ಅಲ್ಲಿನ ವಿಡಿಯೊ ಮಾದರಿಯಾದ ಎನ್‌ಟಿಎಸ್‌ಸಿಯಲ್ಲಿ ಮಾಡಿ. ನಮ್ಮಲ್ಲಿ ಬಳಸುವ ಪಾಲ್ (PAL) ಮಾದರಿಯ ಡಿಸ್ಕನ್ನು ಅಲ್ಲಿನ ಎಷ್ಟೋ ಪ್ಲೇಯರ್‌ಗಳು ಓಡಿಸುವುದಿಲ್ಲ.