ವೆಲ್ಸ್ ಕಾದಂಬರಿಯಲ್ಲಿ ಪ್ರಗತಿಯ ಮೇಲಿನ ಅನುಮಾನ: ಓದುವುದು ಹೇಗೆ?

ಚಿತ್ರದುರ್ಗದಲ್ಲಿ ನಾಲ್ಕಾರು ಜನ ಸೇರಿ ಓದುವುದಾದರೆ ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 1895ರಲ್ಲಿ ಪ್ರಕಟಿಸಿದ ಕಾದಂಬರಿ ‘ದಿ ಟೈಮ್ ಮೆಷಿನ್’ ಹಿಡಿಯಿರಿ. ಚಿಕ್ಕ ಪುಸ್ತಕ, ಎರಡು ಭಾನುವಾರ ಸಾಕು.

ಎರಡು ಪೆನ್ಸಿಲ್ ಬೇಕು. ಯಂತ್ರದಿಂದ ಸುಖಪಟ್ಟವರು ಬಂದಲ್ಲಿ ನೀಲಿ ಗೆರೆ, ಅದರ ಬೆಲೆ ತೆತ್ತವರು ಬಂದಲ್ಲಿ ಕೆಂಪು. ಕಾಲಯಂತ್ರ ಏರಿ 802701ನೇ ಇಸವಿಗೆ ಹೋದ ಪಯಣಿಗ ನೆಲದ ಮೇಲೆ ಸುಖವಾಗಿರುವ ಎಲಾಯ್ ಎಂಬ ಜನರನ್ನೂ ನೆಲದಡಿ ಯಂತ್ರ ನಡೆಸುವ ಮಾರ್ಲಾಕ್ ಎಂಬವರನ್ನೂ ಕಂಡು, ಮನುಷ್ಯಕುಲ ಹೀಗೇಕಾಯಿತು ಎಂಬ ತನ್ನ ಊಹೆಯನ್ನು ಮತ್ತೆ ಮತ್ತೆ ತಿದ್ದಿಕೊಳ್ಳುತ್ತಾನೆ. ತಿದ್ದಿದಲ್ಲೆಲ್ಲ ಅಂಚಿನಲ್ಲಿ ಗುರುತು ಹಾಕಿ. ಓದುಗರು ಎಡವುವುದು ಇಲ್ಲೇ: ಮೊದಲ ಊಹೆಯನ್ನೇ ಲೇಖಕರ ತೀರ್ಮಾನ ಅಂದುಕೊಂಡುಬಿಡುತ್ತಾರೆ.

ಹಸಿರು ಪಿಂಗಾಣಿ ಅರಮನೆಯ ಅಧ್ಯಾಯವನ್ನು ಮಾತ್ರ ಗಟ್ಟಿಯಾಗಿ, ನಿಧಾನವಾಗಿ ಓದಿ. ಅದು ಪಾಳುಬಿದ್ದ ವಸ್ತುಸಂಗ್ರಹಾಲಯ. ಪುಸ್ತಕಗಳು ಚಿಂದಿಯಾಗಿ ನೇತಾಡುತ್ತಿವೆ, ದೊಡ್ಡ ಯಂತ್ರಗಳು ತುಕ್ಕು ತಿಂದಿವೆ. ಪಯಣಿಗನಿಗೆ ಕೆಲಸಕ್ಕೆ ಬರುವುದು ಒಂದು ಬೆಂಕಿಪೊಟ್ಟಣ, ಒಂದಿಷ್ಟು ಕರ್ಪೂರ, ಯಂತ್ರವೊಂದರಿಂದ ಮುರಿದುಕೊಂಡ ಕಬ್ಬಿಣದ ಹಿಡಿ, ಅಷ್ಟೇ! ಇದನ್ನು ಓದಿದ ಸಂಜೆಯೇ ಕೋಟೆಯೊಳಗೆ ಸಿಡಿಮದ್ದು ಬೀಸುವ ಕಲ್ಲುಗಳ ಹತ್ತಿರ ಹೋಗಿ ನಿಲ್ಲಿ. ಒಂದು ಕಾಲದ ಯಂತ್ರ ಸುಮ್ಮನೆ ಬಿದ್ದಿರುವುದನ್ನು ಕಂಡಾಗ ಅಧ್ಯಾಯ ಅಲ್ಲಿ ಚೆನ್ನಾಗಿ ಅರ್ಥವಾಗುತ್ತದೆ.

ವೆಲ್ಸ್ ಅವರನ್ನು ವಿಜ್ಞಾನದ್ವೇಷಿ ಎನ್ನಬೇಡಿ. ಡಾರ್ವಿನ್ನರ ವಿಕಾಸವಾದವನ್ನು ಎತ್ತಿಹಿಡಿದ ವಿಜ್ಞಾನಿ ಟಿ.ಎಚ್. ಹಕ್ಸ್‌ಲಿ ಅವರ ಬಳಿ ಜೀವಶಾಸ್ತ್ರ ಕಲಿತವರು ಅವರು. ಪ್ರಗತಿ ತಾನಾಗಿಯೇ ಎಲ್ಲರಿಗೂ ಒಳಿತು ಮಾಡುತ್ತದೆ ಎಂಬ ಭರವಸೆಯನ್ನಷ್ಟೇ ಅವರು ಒರೆಗೆ ಹಚ್ಚುತ್ತಾರೆ. ಕೊನೆಗೆ ನೀಲಿ, ಕೆಂಪು ಗೆರೆಗಳು ಒಂದೇ ಪುಟದಲ್ಲಿ ಬಿದ್ದ ಕಡೆಗಳನ್ನು ಆರಿಸಿ ಚರ್ಚೆ ಶುರುಮಾಡಿ.