ಗಾಡಿಯ ಫ್ರಿಜ್‌ಗೆ ಇನ್ವರ್ಟರ್ ಬೇಡ: ನನ್ನ ಅನುಭವ

ಟ್ರಾವೆಲರ್ ಗಾಡಿಯನ್ನು ಕ್ಯಾಂಪರ್ (ಚಕ್ರದ ಮೇಲಿನ ಮನೆ) ಮಾಡಿಸಿದವರೆಲ್ಲ ಕೊನೆಗೆ ಬಂದು ನಿಲ್ಲುವುದು ಫ್ರಿಜ್ ಹತ್ತಿರವೇ. ಲೈಟು, ಫ್ಯಾನು, ನೀರಿನ ಪಂಪು ಎಲ್ಲ ಬೇಕಾದಾಗ ಮಾತ್ರ ಓಡುತ್ತವೆ. ಫ್ರಿಜ್‌ಗೆ ಹಗಲೂ ರಾತ್ರಿಯೂ ಕರೆಂಟ್ ಬೇಕು. ಇನ್ವರ್ಟರ್ ಇಲ್ಲದೆ ನೇರ ಬ್ಯಾಟರಿಯಿಂದ ನಡೆಯುವ ನನ್ನ 12 ವೋಲ್ಟ್ ಫ್ರಿಜ್ ಏಪ್ರಿಲ್‌ನ ಹಂಪಿಯಲ್ಲೂ ಜುಲೈನ ಆಗುಂಬೆಯಲ್ಲೂ ನಿಲ್ಲದೆ ಓಡಿತು. ಹೊರಗಿನಿಂದ ಒಂದು ವೈರ್ ಕೂಡ ಎಳೆದಿಲ್ಲ. 'ಹನ್ನೆರಡು ವೋಲ್ಟ್ ಡಬ್ಬಿಗೆ ಇಷ್ಟು ದುಡ್ಡು ಸುರೀಬೇಡ ಗುರು' ಎಂದವರು ಬಹಳ ಜನ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಮಗೆ ಫ್ರಿಜ್ ಶೋಕಿಗಲ್ಲ. ಅಮ್ಮ ಜೊತೆಗೆ ಬರುತ್ತಾರೆ, ಅವರ ಇನ್ಸುಲಿನ್ ಕೂಡ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು, ಹೆಪ್ಪುಗಟ್ಟಲೂಬಾರದು. ಸುಮಾರಾಗಿ ತಣ್ಣಗಿದ್ದರೆ ಸಾಕು ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ.

ಮೊದಲು ಹಾಕಿಸಿದ್ದು ಗ್ಯಾಸ್, 12 ವೋಲ್ಟ್, 230 ವೋಲ್ಟ್ ಮೂರರಲ್ಲೂ ನಡೆಯುವ ವಿದೇಶಿ ಫ್ರಿಜ್. ಸೆಕೆಂಡ್ ಹ್ಯಾಂಡ್, ಸುಮಾರು 40,000 ರೂಪಾಯಿ. ಗ್ಯಾಸ್‌ನಲ್ಲಿ ಅದು ಚೂರೂ ಸದ್ದು ಮಾಡಲ್ಲ, ಬ್ಯಾಟರಿಯ ಚಿಂತೆಯೂ ಇಲ್ಲ. ದಿನಕ್ಕೆ 300 ಗ್ರಾಂ ಆಚೀಚೆ ಗ್ಯಾಸ್ ಕುಡಿಯುತ್ತಿತ್ತು, 5 ಕೆಜಿ ಸಿಲಿಂಡರ್ ಎರಡು ವಾರಕ್ಕೆ ಬರುತ್ತಿತ್ತು. ಆದರೆ ಗಾಡಿ ಸಮತಟ್ಟಾಗಿ ನಿಲ್ಲಬೇಕು. ಎರಡು-ಮೂರು ಡಿಗ್ರಿಗಿಂತ ಜಾಸ್ತಿ ವಾಲಿದರೆ ಒಳಗೆ ತಂಪು ಮಾಡುವ ಅಮೋನಿಯಾ ಸರಿಯಾಗಿ ಹರಿಯಲ್ಲ, ತಣ್ಣಗಾಗುವುದೂ ನಿಲ್ಲುತ್ತದೆ. ಮಲೆನಾಡಿನಲ್ಲಿ ಸಮತಟ್ಟು ಜಾಗ ಎಲ್ಲಿ ಹುಡುಕುವುದು? ಬಯಲುಸೀಮೆಯಲ್ಲಿ ಇನ್ನೊಂದು ಕಾಟ. ಹೊರಗೆ 40 ಡಿಗ್ರಿ ಇದ್ದರೆ ಫ್ರಿಜ್‌ನ ಬೆನ್ನ ಹಿಂದೆ 50 ದಾಟುತ್ತಿತ್ತು, ಒಳಗೆ 14ರ ಕೆಳಗೆ ಇಳಿಯಲೇ ಇಲ್ಲ. ಹಿಂದಿನ ಜಾಲರಿಗೆ ಎರಡು ಕಂಪ್ಯೂಟರ್ ಫ್ಯಾನ್ ಕಟ್ಟಿ ನೋಡಿದೆ. ಮೂರು ಡಿಗ್ರಿ ಸಿಕ್ಕಿತು, ಅಷ್ಟೇ. ಗಾಡಿ ಓಡುವಾಗ ಗ್ಯಾಸ್ ಆರಿಸಿ 12 ವೋಲ್ಟ್‌ಗೆ ಹಾಕಿದರೆ 12 ಆಂಪಿಯರ್ ಒಂದೇ ಸಮನೆ ಎಳೆಯುತ್ತಿತ್ತು. 25,000ಕ್ಕೆ ಮಾರಿದೆ.

ಆಮೇಲೆ ಮನೆಯ ಸಿಂಗಲ್ ಡೋರ್ ಫ್ರಿಜ್, ಬ್ಯಾಟರಿಯ ಕರೆಂಟನ್ನು 230 ವೋಲ್ಟ್ ಮಾಡಿಕೊಡುವ ಮನೆಯ ಇನ್ವರ್ಟರ್, 150 ಎಹೆಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಟ್ಯೂಬುಲರ್ ಬ್ಯಾಟರಿ, ಅಂದರೆ ಸೀಸ-ಆಮ್ಲದ್ದು. ಎಲ್ಲರೂ ಹೇಳುವ ಅಗ್ಗದ ದಾರಿ ಇದೇ. ಇನ್ವರ್ಟರ್ ಸುಮ್ನೆ ಆನ್ ಆಗಿದ್ದರೂ 15-20 ವ್ಯಾಟ್ ತಿನ್ನುತ್ತದೆ ಅನ್ನುವುದನ್ನು ಮಾತ್ರ ಯಾರೂ ಹೇಳಲ್ಲ. 24 ಗಂಟೆಗೆ ಗುಣಿಸಿ ನೋಡಿ, 400 ವ್ಯಾಟ್-ಅವರ್ ಹತ್ತಿರ ಬರುತ್ತದೆ. ಅಷ್ಟರಲ್ಲಿ ಒಂದು ಸಣ್ಣ ಫ್ರಿಜ್ ಇಡೀ ದಿನ ಓಡುತ್ತದೆ! ಟ್ಯೂಬುಲರ್‌ನಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬ್ಯಾಟರಿಯ ಆಯಸ್ಸು ಹೋಗುತ್ತದೆ. ಸಂಜೆ ತುಂಬಿದ್ದ ಬ್ಯಾಟರಿ ಬೆಳಗಿನ ಜಾವಕ್ಕೆ ಬೀಪ್ ಬೀಪ್. ಮೇಲಾಗಿ 55 ಕೆಜಿಗಿಂತ ಜಾಸ್ತಿ ತೂಕ. ಇದಕ್ಕೆ ಹೋದದ್ದು ಹೆಚ್ಚುಕಮ್ಮಿ 35,000.

ಈಗಿರುವುದು ಮೇಲಿನಿಂದ ಮುಚ್ಚಳ ತೆರೆಯುವ, ಎರಡು ಕೋಣೆಯ, 50 ಲೀಟರ್ ಆಸುಪಾಸಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್. ಓಡುವಾಗ 45-50 ವ್ಯಾಟ್. ಸಾಧಾರಣ ಹವೆಯಲ್ಲಿ ದಿನಕ್ಕೆ 400-450 ವ್ಯಾಟ್-ಅವರ್, ಬಳ್ಳಾರಿ ಕಡೆಯ ಬಿಸಿಲಲ್ಲಿ 600. ಗಾಡಿ ವಾಲಿದ್ದರೂ ಅದಕ್ಕೆ ಲೆಕ್ಕವಿಲ್ಲ. 100 ಎಹೆಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎರಡು ದಿನ ಎಳೆಯುತ್ತದೆ.

ಇದೂ ಮೊದಲ ದಿನವೇ ಸರಿಹೋಗಲಿಲ್ಲ. ಫಿಟ್ಟರ್ ಒಂದೂವರೆ ಚದರ ಮಿಲಿಮೀಟರ್ ವೈರ್ ಎಳೆದು, ಸಿಗರೇಟ್ ಸಾಕೆಟ್ ಕೊಟ್ಟು ಹೋಗಿದ್ದ. ಕಂಪ್ರೆಸರ್ ಶುರುವಾಗುವುದು, ಟಕ್ ಎಂದು ನಿಲ್ಲುವುದು, ಮತ್ತೆ ಶುರು. 'ನಾವು ಹೇಳಲಿಲ್ಲವಾ' ಎಂದರು, ಡಬ್ಬಿ ಬೇಡ ಎಂದಿದ್ದವರು. ಮಲ್ಟಿಮೀಟರ್ ಹಿಡಿದು ಕೂತೆ. ಬ್ಯಾಟರಿಯ ಮೇಲೆ 12.8, ಅದೇ ಹೊತ್ತಿಗೆ ಸಾಕೆಟ್ ತುದಿಯಲ್ಲಿ 11ರ ಕೆಳಗೆ. ಸಾಕೆಟ್ ಮುಟ್ಟಿದರೆ ಬಿಸಿ. ಫ್ರಿಜ್ ಕೆಟ್ಟಿರಲಿಲ್ಲ, ಬ್ಯಾಟರಿ ಖಾಲಿಯಾಗಿದೆ ಅಂದುಕೊಂಡು ತಾನೇ ಬಂದ್ ಆಗುತ್ತಿತ್ತು. ಎಸ್‌ಪಿ ರೋಡಿಗೆ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ) ಹೋಗಿ 10 ಚದರ ಮಿಲಿಮೀಟರ್ ತಾಮ್ರದ ವೈರ್ ತಂದೆ. ಸಾಕೆಟ್ ಕಿತ್ತು ಹಾಕಿ, ವೈರ್ ತುದಿಗೆ ಲಗ್ (ಲೋಹದ ಬಳೆ) ಒತ್ತಿಸಿ, ನೇರವಾಗಿ ಬೋಲ್ಟ್ ಮಾಡಿದೆ. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್. ಈಗ ಎರಡೂ ತುದಿಗೆ 0.1 ವೋಲ್ಟ್ ವ್ಯತ್ಯಾಸ. 4,000 ರೂಪಾಯಿಯ ಕೆಲಸ, ಇಡೀ ವ್ಯವಸ್ಥೆ ನಿಂತಿರುವುದು ಅದರ ಮೇಲೆ.

ಬ್ಯಾಟರಿ ತುಂಬಿಸುವ ಮುಖ್ಯ ದಾರಿ ಸೋಲಾರ್ ಅಲ್ಲ, ಇಂಜಿನ್. ಇದಕ್ಕೂ ಜಗಳ ಆಡಿದ್ದೇನೆ. ಮೇಲೆ 340 ವ್ಯಾಟ್ ಪ್ಯಾನೆಲ್ ಇದೆ, ಬೇಸಿಗೆಯಲ್ಲಿ ದಿನಕ್ಕೆ 1,000 ವ್ಯಾಟ್-ಅವರ್, ಅಂದರೆ ಒಂದು ಯೂನಿಟ್‌ಗಿಂತ ಜಾಸ್ತಿ ಕೊಡುತ್ತದೆ. ಆಗುಂಬೆಯ ಮಳೆಯಲ್ಲಿ ಅದರ ಕಾಲು ಭಾಗವೂ ಸಿಗಲ್ಲ. ಆಲ್ಟರ್ನೇಟರ್ (ಇಂಜಿನ್ ತಿರುಗಿಸುವ ಜನರೇಟರ್) ಕೊಡುವ ಕರೆಂಟನ್ನು ಅಳೆದು ಬ್ಯಾಟರಿಗೆ ಬಿಡುವ 30 ಆಂಪಿಯರ್ ಡಿಸಿ-ಡಿಸಿ ಚಾರ್ಜರ್ ಇದ್ದರೆ ಬೆಂಗಳೂರಿಂದ ಹೊರಟು ಸಕಲೇಶಪುರ ಮುಟ್ಟುವಷ್ಟರಲ್ಲಿ ಬ್ಯಾಟರಿ ತುಂಬಿರುತ್ತದೆ. ಲಿಥಿಯಂ ಬ್ಯಾಟರಿಯನ್ನು ಆಲ್ಟರ್ನೇಟರ್‌ಗೆ ನೇರ ಕೊಡಬೇಡಿ. ಅದು ಸಿಕ್ಕಷ್ಟೂ ಎಳೆಯುತ್ತದೆ, ಆಲ್ಟರ್ನೇಟರ್ ಕಾದು ಸುಟ್ಟೀತು.

ಇನ್ನೊಂದು ಪ್ರಯೋಗ ಹೇಳಲೇಬೇಕು. ಗಾಡಿ ಓಡುವಾಗ ಕರೆಂಟ್ ಧಾರಾಳ ಅಲ್ವಾ? ಆಗ ಫ್ರೀಜರ್ ಕೋಣೆಯಲ್ಲಿ ನೀರಿನ ಬಾಟಲಿಗಳನ್ನು ಗಟ್ಟಿ ಮಾಡುತ್ತೇನೆ. ಸಂಜೆ ಆ ಕೋಣೆ ಬಂದ್. ಎರಡು ಬಾಟಲಿ ಇನ್ಸುಲಿನ್ ಇರುವ ಈಚೆಯ ಕೋಣೆಗೆ. ರಾತ್ರಿಯಿಡೀ ಕಂಪ್ರೆಸರ್ ಸದ್ದು ಬಹಳ ಕಡಿಮೆ. ಇನ್ಸುಲಿನ್ ಮಾತ್ರ ಬಾಟಲಿಗೆ ತಾಗದಂತೆ, ಫ್ರಿಜ್ ಒಳಗೆ ಕಂಪ್ರೆಸರ್ ಮೇಲ್ಭಾಗದ ಎತ್ತರದ ತಟ್ಟೆಯಲ್ಲಿ, ಪಕ್ಕದಲ್ಲೇ ಸಣ್ಣ ಥರ್ಮಾಮೀಟರ್ ಇಟ್ಟು. 4-5 ಡಿಗ್ರಿ ನಿಲ್ಲುತ್ತದೆ. ಫ್ರಿಜ್‌ಗೆ ಹೊರಗಿನಿಂದ ಫೋಮ್ ಜಾಕೆಟ್ ಹೊಲಿಸಿದೆ, ಜಾಲರಿ ಬಿಟ್ಟು. ಅದರಿಂದಲೂ ಲಾಭವಿದೆ. ಕಂಪ್ರೆಸರ್‌ಗೆ ತಂಪು ಗಾಳಿಯನ್ನು ಎಲ್ಲಿಂದ, ಹೇಗೆ ತಂದೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದಕ್ಕೆ ತುಂಬಾ ತಲೆ ಕೆಡಿಸಿಕೊಂಡಿದ್ದೇನೆ. ಗಾಡಿ ನೋಡಲು ಬಂದವರಿಗೆ ತೋರಿಸುತ್ತೇನೆ.

ಖರ್ಚು ನೆನಪಿದ್ದಷ್ಟು: ಫ್ರಿಜ್ 35,000ದ ಹತ್ತಿರ, ಬ್ಯಾಟರಿ 30,000, ಡಿಸಿ-ಡಿಸಿ 18,000, ಪ್ಯಾನೆಲ್ ಮತ್ತು ಅದರ ಕಂಟ್ರೋಲರ್ 17,000, ವೈರು-ಫ್ಯೂಸು 4,000. ಲಕ್ಷ ದಾಟಿತು, ನಿಜ. ಡಬ್ಬಿ ಎಂದು ನಕ್ಕ ಗೆಳೆಯರೊಬ್ಬರು ಈಗ ಅದೇ ಫ್ರಿಜ್ ತರಿಸಿದ್ದಾರೆ. ಮೊದಲು ಪ್ಯಾನೆಲ್ ಹಾಕಿಸಲಾ ಎಂದು ಕೇಳಿದರು. ಬೇಡ ಎಂದೆ. ಮೊದಲು ದಪ್ಪ ವೈರ್, ಆಮೇಲೆ ಡಿಸಿ-ಡಿಸಿ. ಪ್ಯಾನೆಲ್ ಬೇಸಿಗೆಯ ಹೊತ್ತಿಗೆ ಕೊಂಡರಾಯಿತು. ಅವರು ಲಡಾಖ್‌ಗೂ ಹೋಗುವವರು, ಅದಕ್ಕೆ ಬ್ಯಾಟರಿಯನ್ನು ಗಾಡಿಯ ಒಳಗೇ ಇಡಲು ಹೇಳಿದ್ದೇನೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂಗೆ ಚಾರ್ಜ್ ಕೊಡುವಂತಿಲ್ಲ.